ಶಾಮೆನ್ ಬಂದರಿನ ಇನ್ನೊಬ್ಬ ಹುಡುಗಿ

ಮೊನ್ನೆ ಮಂಗಳಾರತಿಗೆಂದು ಕರ್ಪೂರದ ಡಬ್ಬಿ ತೆರೆದಾಗ ಅಮೆರಿಕದ ಫೋರ್ಟ್ ಮಿಲ್‌ನ ನಮ್ಮ ಪಕ್ಕದ ಮನೆಯ ಆಂಟಿ ನೆನಪಾದರು. ಅವರ ಮನೆಯ ಕರ್ಪೂರದ ಮರದ ಪೆಟ್ಟಿಗೆ ತೆರೆದರೂ ಇದೇ ವಾಸನೆ...

ಎಂಬತ್ತರ ಆಸುಪಾಸಿನ ಒಂಟಿ ಹೆಂಗಸು. ಕೋವಿಡ್ ದಿನಗಳಲ್ಲಿ ಹುಲ್ಲಿನ ಮೇಲೆ ದೂರ ದೂರ ಕುರ್ಚಿ ಹಾಕಿಕೊಂಡು ಮಾತಾಡುತ್ತಲೇ ಹತ್ತಿರವಾಗಿದ್ದೆವು. ಪೆಟ್ಟಿಗೆ ಅವರ ಅಜ್ಜಿಯದು. ಅಜ್ಜಿಯ ತಂದೆ ಡೆನ್ಮಾರ್ಕಿನಿಂದ ಚೀನಾದ ಶಾಮೆನ್‌ಗೆ ಹೋಗಿ ನೆಲೆಸಿದವರು. ಯುದ್ಧದಲ್ಲಿ ಸೋತ ಚೀನಾ ಒಪ್ಪಂದಕ್ಕೆ ಮಣಿದು ವಿದೇಶಿ ವ್ಯಾಪಾರಕ್ಕೆ ತೆರೆದುಕೊಟ್ಟ ಬಂದರುಗಳಲ್ಲಿ ಅದೂ ಒಂದು. ಹಡಗುಗಳಿಗೆ ದಾರಿ ತೋರಿಸುವುದು ಅವರ ಕೆಲಸವಾಗಿತ್ತು.

ಪೆಟ್ಟಿಗೆಯಲ್ಲೊಂದು ಫೋಟೊ ಇತ್ತು. ಅಪ್ಪ, ಅಮ್ಮ, ಒಂದೇ ಥರದ ಫ್ರಾಕ್ ತೊಟ್ಟ ಇಬ್ಬರು ಹುಡುಗಿಯರು. ದೊಡ್ಡವಳು ಆಂಟಿಯ ಅಜ್ಜಿ. ಚಿಕ್ಕವಳು ಯಾರೆಂದು ಕೇಳಿದರೆ ಅಜ್ಜಿ ಸುಮ್ಮನೆ ಎದ್ದು ಹೋಗುತ್ತಿದ್ದರಂತೆ.

"ನಾನು ಹೋಗೋದ್ರೊಳಗೆ ಇವಳು ಯಾರು ಅಂತ ಗೊತ್ತಾಗ್ಬೇಕು," ಎಂದಿದ್ದರು ಆಂಟಿ.

ಹತ್ತಿರದ ಬ್ಯಾಲಂಟೈನ್‌ನ ಆಫೀಸಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಗೆಳತಿ ಶಾಮೆನ್‌ನವಳು. ನಾವು ಮೊಬೈಲಿಗೆ ಕಳಿಸಿದ ಆ ಫೋಟೊ ಹಿಡಿದು ಅವಳ ತಾಯಿ ಅಲ್ಲಿ ಬೀದಿ ಬೀದಿ ಸುತ್ತಿದರು. ಮನೆ ಸಿಗಲಿಲ್ಲ. ವಿದೇಶಿಯರ ಸ್ಮಶಾನವೂ ಉಳಿದಿರಲಿಲ್ಲ. ಅಲ್ಲಿಂದ ಕಿತ್ತ ಕೆಲವು ಗೋರಿಕಲ್ಲುಗಳು ಮಾತ್ರ ಒಂದು ತೋಟದ ಗೋಡೆಗೆ ಒರಗಿದ್ದವು. ವಿಡಿಯೊ ಕಾಲ್‌ನಲ್ಲಿ ಆಕೆ ಒಂದೊಂದೇ ಕಲ್ಲನ್ನು ಒರೆಸಿ ತೋರಿಸುತ್ತಿದ್ದರು. ನನ್ನ ಪಕ್ಕದಲ್ಲಿ ಕೂತಿದ್ದ ಆಂಟಿ ಇದ್ದಕ್ಕಿದ್ದಂತೆ "ಸ್ಟಾಪ್!" ಎಂದರು.

ಕಲ್ಲಿನ ಮೇಲೆ ಅಜ್ಜಿಯ ತವರಿನ ಮನೆತನದ ಹೆಸರು. ಅದರ ಮೇಲೆ, ಆರು ವರ್ಷಕ್ಕೇ ತೀರಿಕೊಂಡ ಹುಡುಗಿಯ ಹೆಸರು. ಅದು ಆಂಟಿಯದೇ ಹೆಸರು. ಅವರಿಗೆ ಆ ಹೆಸರಿಟ್ಟವರು ಅಜ್ಜಿಯೇ.

ಆಂಟಿ ಪರದೆಯ ಮೇಲಿನ ಆ ಹೆಸರನ್ನು ಬೆರಳಿನಿಂದ ಮುಟ್ಟಿದರು. ಆಮೇಲೆ ಮೆಲ್ಲಗೆ, "ಅಜ್ಜಿ ನನ್ನ ಕರೆದಾಗೆಲ್ಲ ತಂಗೀನೂ ಕರೀತಿದ್ರು..." ಎಂದರು.

ಆಂಟಿಗೆ ಶಾಮೆನ್‌ಗೆ ಹೋಗಬೇಕೆಂಬ ಆಸೆಯಿತ್ತು. ಮೊದಲು ವೀಸಾ ಸಿಗಲಿಲ್ಲ, ಆಮೇಲೆ ಮಂಡಿನೋವು ಬಿಡಲಿಲ್ಲ. ಹೋದ ವರ್ಷ ಆಂಟಿ ತೀರಿಕೊಂಡರು.

ಕಳೆದ ವಾರ ಗೆಳತಿಯ ತಾಯಿ ಆ ಕಲ್ಲಿನ ಮುಂದೆ ಹೂವಿಟ್ಟು ಫೋಟೊ ಕಳಿಸಿದ್ದರು, ಆಂಟಿಗೆ ತೋರಿಸಲೆಂದು. ಆಂಟಿ ತೀರಿಕೊಂಡ ಸುದ್ದಿಯನ್ನು ಆ ತಾಯಿಗೆ ತಿಳಿಸಲು ನನಗೂ ಗೆಳತಿಗೂ ಬಾಯಿ ಬಂದಿರಲಿಲ್ಲ.

"ಇನ್ನೂ ಎಷ್ಟು ದಿನ ಮುಚ್ಚಿಡ್ತೀಯಾ? ಹೇಳ್ಬಿಡು," ಎಂದರು ನನ್ನವರು. ಗೆಳತಿಯಿಂದ ಹೇಳಿಸಿದೆ.

ಇವತ್ತು ಬೆಳಿಗ್ಗೆ ಮತ್ತೊಂದು ಫೋಟೊ ಬಂದಿದೆ. ಅದೇ ಕಲ್ಲಿನ ಮುಂದೆ ಈಗ ಎರಡು ಹೂಗೊಂಚಲು.