ಮೆಸ್ಸಿನ ಹಿಂದಿನ ಕೋಣೆ

ಚಳ್ಳಕೆರೆ ದಾಟಿ, ಗಾಳಿ ತಿರುಗಿದಾಗ ಮಾತ್ರ ಎಣ್ಣೆ ಮಿಲ್ಲಿನ ವಾಸನೆ ಬರುವಷ್ಟು ದೂರದಲ್ಲಿ ನಮ್ಮ ಸ್ನಾತಕೋತ್ತರ ಕೇಂದ್ರವಿದೆ. ಅಲ್ಲಿನ ಹೆಣ್ಣುಮಕ್ಕಳ ಹಾಸ್ಟೆಲಿಗೆ ನಾನು ಮೇಲ್ವಿಚಾರಕಿ. ವಾರ್ಡನ್ ಎಂದರೆ ಪಾಠ ಮಾಡುವ ಮೇಡಂ. ಸಂಜೆ ಒಂದು ಸುತ್ತು ಬಂದು, ಸಹಿ ಹಾಕಿ, ಮನೆಗೆ ಹೋಗುತ್ತಾರೆ. ಟ್ಯಾಂಕರ್ ನೀರು, ಸುಟ್ಟ ಬಲ್ಬು, ಹುಳ ಬಿದ್ದ ರವೆ, ಬಕೆಟ್ಟಿನ ಜಗಳ, ಜ್ವರ, ಅಳು ಎಲ್ಲ ನನ್ನ ಪಾಲಿನವು. ಬೆಳಿಗ್ಗೆ ಯಾವ ಹುಡುಗಿ ತಿಂಡಿ ಬಿಟ್ಟಳು ಎಂಬುದನ್ನು ತಟ್ಟೆಗಳ ಸದ್ದಿನಲ್ಲೇ ಹೇಳಬಲ್ಲೆ.

ನಾನು ಹೇಳಹೊರಟ ಹುಡುಗಿ ದೇವಸಮುದ್ರದ ಕಡೆಯ ಒಂದು ಹಟ್ಟಿಯಿಂದ ಬಂದವಳು. ಅಪ್ಪ ಕುರಿ ಕಾಯುವವನು. ತಗಡಿನ ಟ್ರಂಕನ್ನು ಅವನೇ ಹೆಗಲ ಮೇಲೆ ಹೊತ್ತು ತಂದ. ಮಗಳ ತೋಳಲ್ಲಿ ಒಂದು ಕರಿ ಕಂಬಳಿ ಇತ್ತು. ಹಟ್ಟಿಯಲ್ಲಿ ಎಂ.ಎ. ಓದಲು ಹೊರಟ ಮೊದಲ ಹೆಣ್ಣು ಅವಳು. ಓದು ಮುಗಿಸಿ ಕಾಲೇಜಿನಲ್ಲಿ ಪಾಠ ಹೇಳಬೇಕೆಂಬುದು ಅವಳ ಆಸೆ. ಮೇಲಿನ ಮಹಡಿಯಲ್ಲಿ ಕಿಟಕಿ ಪಕ್ಕದ ಮಂಚ ತೋರಿಸಿದಾಗ ಮೊದಲು ಅಂಗೈಯಿಂದ ಒತ್ತಿ ನೋಡಿದಳು, ಆಮೇಲೆ ತುದಿಯಲ್ಲಿ ಕೂತಳು. ಸಂಜೆ ನಾನು ಹೋದಾಗ ಎರಡೂ ಕೈ ಚಾಚಿ ಮಲಗಿದ್ದಳು.

ಅವತ್ತು ಹೊರಡುವ ಮುಂಚೆ ಅಪ್ಪ ವಾರ್ಡನ್ ಮೇಡಂ ಆಫೀಸಿನ ಬಾಗಿಲಲ್ಲಿ ತಡವರಿಸಿ ನಿಂತ. ತಲೆಯ ಟವೆಲ್ಲು ಬಿಚ್ಚಿ ಕೈಯಲ್ಲಿ ಹಿಡಿದು, ನೆಲ ನೋಡುತ್ತ ಕೇಳಿದ:

"ಮೇಡಮ್ಮಾರೆ, ಹುಡುಗಿ ಹೊರಗಾದಾಗ ಇಲ್ಲಿ ಹೆಂಗ್ರಿ?"

ಅವರ ಹಟ್ಟಿಯ ಸುತ್ತ ಮುಳ್ಳುಬೇಲಿ. ಒಳಗೆ ದೇವರ ಗುಡಿ. ಮುಟ್ಟಿನ ದಿನಗಳಲ್ಲಿ ಹೆಂಗಸರು ಬೇಲಿಯಾಚೆ ಹೋಗಿ ಕೂರಬೇಕು. ಈ ಸೀಮೆಯವರಿಗೆಲ್ಲ ಗೊತ್ತಿರುವ ವಿಷಯ, ಮೇಡಂಗೂ ಗೊತ್ತಿತ್ತು. ಅವನಿಗೆ ಮಾತು ಮುಂದುವರಿಸುವ ಸಂಕಟ ಕೊಡಬಾರದೆಂದು ಅವರು ನಡುವೆಯೇ ಹೇಳಿಬಿಟ್ಟರು: ನಿಮ್ಮ ಪದ್ಧತಿಗೆ ನಾವು ಗೌರವ ಕೊಡುತ್ತೇವೆ, ವ್ಯವಸ್ಥೆ ಮಾಡುತ್ತೇವೆ, ಚಿಂತೆ ಬೇಡ. ಅವನು ಕೈ ಮುಗಿದು ಬಸ್ಸಿಗೆ ಹೋದ.

ವ್ಯವಸ್ಥೆ ಎಂದರೆ ಮೆಸ್ಸಿನ ಹಿಂದಿನ ಕೋಣೆ. ಖಾಲಿ ಗೋಣಿಚೀಲ, ಕಾಲು ಮುರಿದ ಮಂಚ, ಹಳೆ ಪಾತ್ರೆ ಒಟ್ಟಿದ್ದ ಜಾಗ. ಚೀಲಗಳನ್ನು ಒಂದು ಮೂಲೆಗೆ ತಳ್ಳಿ, ಗುಡಿಸಿ, ಚಾಪೆ ಹಾಸಿಕೊಟ್ಟೆ. ಕಿಟಕಿಗೆ ಚಿಲಕವಿಲ್ಲ. ಗೋಡೆಯ ಆಚೆ ಗ್ರೈಂಡರು; ಇಡ್ಲಿಯ ದಿನವಂತೂ ಇಡೀ ಕೋಣೆ ಗುಡುಗುಡು ಅನ್ನುತ್ತಿತ್ತು.

ಮೊದಲ ಸಲ ಅವಳನ್ನು ಅಲ್ಲಿಗೆ ಕಳಿಸಬೇಕಾದಾಗ ನನ್ನ ಮುಖ ನೋಡಿ, "ಅಪ್ಪ ಹೇಳಿದ್ನಾ ಅಕ್ಕ?" ಎಂದಳು. ಅಪ್ಪ ಕೇಳಿದ್ದ, ಮೇಡಂ ಮಾಡಿಸಿದ್ದಾರೆ ಎಂದೆ. ಮತ್ತೆ ಕೇಳಲಿಲ್ಲ. ಮಂಚದ ಮೇಲಿದ್ದ ಕಂಬಳಿ ಮಡಚಿಕೊಂಡು ನನ್ನ ಹಿಂದೆ ಮೆಟ್ಟಿಲಿಳಿದಳು. ಅಪ್ಪ ಇಟ್ಟ ಷರತ್ತು ಇದು, ಒಲ್ಲೆ ಎಂದರೆ ಓದೇ ನಿಂತುಹೋಗುತ್ತದೆ ಎಂದು ಅವಳು ತಿಳಿದಳು. ಯಾವ ಮಗಳು ಫೋನಿನಲ್ಲಿ ಅಪ್ಪನನ್ನು ಇಂಥದ್ದು ಕೇಳುತ್ತಾಳೆ?

ಮೇಲಿನ ಹುಡುಗಿಯರು ಮೊದಮೊದಲು ಅದನ್ನು ತಮಾಷೆ ಮಾಡಿಕೊಂಡರು. "ಏನೇ, ಟ್ರಾನ್ಸ್‌ಫರ್ ಆಯ್ತಾ?" ಎಂದು ಯಾರೋ ಕೂಗಿದರೆ ಇವಳು, "ಹೂ ಕಣೇ, ಗ್ರೈಂಡರ್ ನನ್ ರೂಮ್‌ಮೇಟು. ನಿಮ್ಗಿಂತ ಕಮ್ಮಿ ಮಾತಾಡ್ತೈತೆ" ಎನ್ನುತ್ತಿದ್ದಳು. ನಗು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಕೋಣೆ ಅಂತ ಒಂದು ಆದಮೇಲೆ ಅದಕ್ಕೆ ಕಟ್ಟಳೆಗಳೂ ಹುಟ್ಟಿಕೊಂಡವು. ಹುಡುಗಿಯರು ಅವಳ ತಟ್ಟೆ ಬೇರೆ ಇರಲಿ ಎಂದರು, ಕಿಟಕಿಯ ಕಟ್ಟೆಯ ಮೇಲೆ ಇಟ್ಟೆವು. ಮೆಸ್ಸಿನ ಸಾಲಿಗೆ ಬೇಡ ಎಂದರು, ಅನ್ನ ಅಲ್ಲಿಗೇ ಹೋಯಿತು. ಒಂದು ಸಲ ಸೆಮಿನಾರಿನ ಹಿಂದಿನ ದಿನ ಅವಳ ಪುಸ್ತಕ ಮೇಲೆ ಉಳಿದಿತ್ತು. ಅವಳು ಕೆಳಗಿನಿಂದ ಹೆಸರು ಹಿಡಿದು ಕರೆದಳು. ಮೇಲೆ ಬಾ ಎನ್ನುವವರಿಲ್ಲ, ತಂದುಕೊಡುವವರೂ ಇಲ್ಲ. ಪೇಟೆಯಿಂದ ಸಾಮಾನು ತಂದು ನಾನು ಬರುವಷ್ಟರಲ್ಲಿ ಕತ್ತಲಾಗಿತ್ತು, ಅವಳು ಗೋಡೆಗೆ ಒರಗಿ ಕೂತಿದ್ದಳು.

ಅವಳನ್ನು ಮೇಲೆಯೇ ಇರಿಸೋಣ ಎಂದು ಮೇಡಂಗೆ ಹೇಳಿದೆ. ಅವರು ಕೆಟ್ಟವರಲ್ಲ. ಅದು ಅವರ ನಂಬಿಕೆ, ಬೇಡ ಅನ್ನಲು ನಾವು ಯಾರು, ನಾಳೆ ಅಪ್ಪ ಬಂದು ಹುಡುಗಿಯನ್ನು ಬಿಡಿಸಿಕೊಂಡು ಹೋದರೆ ಎಂದು ಕೇಳಿದರು.

ಅಷ್ಟರಲ್ಲಿ ಮಗಳನ್ನು ನೋಡಲು ಪೇಟೆಯ ತಾಯಿಯೊಬ್ಬರು ಬಂದರು. ಕೈತುಂಬ ಬಳೆ, ಮೊಳಕಾಲ್ಮೂರು ಸೀರೆ. ನಮ್ಮಪ್ಪ ಮೊಳಕಾಲ್ಮೂರಿನಲ್ಲಿ ಮಗ್ಗ ನೇಯುತ್ತಿದ್ದವನು. ಆ ಅಂಚನ್ನು ದೂರದಿಂದಲೇ ಗುರುತಿಸಿದೆ. ಅವರು ಹಿಂದಿನ ಕೋಣೆಯನ್ನು ಇಣುಕಿ ನೋಡಿ ಬಹಳ ಮೆಚ್ಚಿದರು. ಇಂಥದ್ದು ಮನೆಗಳಲ್ಲೇ ಉಳಿದಿಲ್ಲ, ನಮ್ಮ ಹುಡುಗಿಗೂ ಇದೇ ಆಗಲಿ ಎಂದರು. ಅವರನ್ನು ನೋಡಿ ಇನ್ನೊಬ್ಬರು. ಹೀಗೆ ಅದು ಎಲ್ಲರಿಗೂ ನಿಯಮವಾಯಿತು. ಉಳಿದ ಹುಡುಗಿಯರು ಜಾಣೆಯರು. ಏನೂ ಆಗಿಲ್ಲ ಎಂದು ಹೇಳಿ ಮೇಲೆಯೇ ಮಲಗುತ್ತಿದ್ದರು. ಸುಳ್ಳು ಹೇಳಲಾಗದವಳು ಇವಳೊಬ್ಬಳೇ. ಕೋಣೆ ಇವಳಿಂದಾದದ್ದು, ಎಲ್ಲರ ಕಣ್ಣೂ ಇವಳ ಮೇಲೆ.

ಕೊನೆಯ ಪರೀಕ್ಷೆ ಹತ್ತಿರವಾಗುತ್ತಿದ್ದಾಗ ಅವಳ ಅಜ್ಜಿ ಬಂದಳು. ಹುರಿದ ಕಡ್ಲೆಕಾಯಿಯ ಗಂಟು ಕಂಕುಳಲ್ಲಿ. ಹುಡುಗಿ ಅವತ್ತು ಹಿಂದಿನ ಕೋಣೆಯಲ್ಲೇ ಇದ್ದಳು. ಕರೆದುಕೊಂಡು ಹೋದೆ. ಅಜ್ಜಿ ಹೊಸಿಲ ಮೇಲೆ ನಿಂತು ಚೀಲ ನೋಡಿದಳು, ಮುರಿದ ಮಂಚ ನೋಡಿದಳು, ಕಟ್ಟೆಯ ಮೇಲಿನ ತಟ್ಟೆ ನೋಡಿದಳು.

"ಇದೇನವ್ವ, ಕೂಸಿನ್ನ ಇಲ್ಯಾಕೆ ಹಾಕೀರಿ?"

ನಿಮ್ಮ ಮಗನೇ ಕೇಳಿದ್ದು ಎಂದೆ.

"ಅವನು ಕೇಳಿದ್ದು, ಆ ದಿನ ಮನೀಗೆ ಕಳಿಸ್ತೀರೋ ಇಲ್ಲೇ ಇಟ್ಕಂತೀರೋ ಅಂತ. ಕಳಿಸಂಗಿದ್ರೆ ಬಂದು ಕರ್ಕಂಡು ಹೋಗ್ಬೇಕಲ್ಲ, ಅದುಕ್ಕೆ." ಗಂಟನ್ನು ಕೆಳಗಿಟ್ಟಳು. "ನಮ್ ದ್ಯಾವ್ರು ನಮ್ ಬೇಲಿ ಒಳಗೈತೆ. ಇಲ್ಲಿ ಯಾವ ದ್ಯಾವ್ರೈತೆ, ಯಾರಿಗೆ ಮೈಲಿಗೆ?"

ಮಗ್ಗದಲ್ಲಿ ಉದ್ದಕ್ಕೆ ಹಾಸಿದ ಎಳೆ ಕಡಿದರೆ ನಮ್ಮಪ್ಪ ಕೈ ನಿಲ್ಲಿಸಿ ಅದನ್ನೇ ನೋಡುತ್ತ ಕೂರುತ್ತಿದ್ದ. ಹುಡುಗಿ ಅಜ್ಜಿಯನ್ನು ಹಾಗೆ ನೋಡಿದಳು. ಇಷ್ಟು ದಿನ ಅಪ್ಪನ ಯಾವ ಮಾತಿಗೆ ಹೆದರಿ ಅಲ್ಲಿ ಕೂತಿದ್ದಳೋ, ಆ ಮಾತನ್ನು ಯಾರೂ ಆಡಿರಲೇ ಇಲ್ಲ.

ಮೂವರೂ ಮೇಡಂ ಹತ್ತಿರ ಹೋದೆವು. ಅವರು ತಾಳ್ಮೆಯಿಂದಲೇ ಕೇಳಿಸಿಕೊಂಡರು. ಆಮೇಲೆ ಹೇಳಿದರು, "ಈಗ ಅದು ಎಲ್ಲರಿಗೂ ಇರೋ ನಿಯಮ ಅಜ್ಜಿ. ಒಬ್ಬಳಿಗೆ ಬಿಟ್ಟರೆ ಬೇರೆ ತಂದೆತಾಯಿ ಏನಂತಾರೆ?"

ಅಜ್ಜಿ ವಾದ ಮಾಡಲಿಲ್ಲ. ಮೊಮ್ಮಗಳ ಕಡೆ ತಿರುಗಿ, "ಹೊರಗೆ ಕೂರೋದೇ ಆದ್ರೆ ನಮ್ ಬೇಲಿ ಆಚೆ ಬೇವಿನ ಮರ ಐತೆ. ಅಲ್ಲಿ ಮಾತಾಡಾಕೆ ನಾಕು ಜನ ಹೆಂಗಸ್ರಾದ್ರೂ ಇರ್ತಾರೆ. ನಡಿ" ಎಂದಳು.

ಪರೀಕ್ಷೆ ಒಂದಾಗಲಿ ಎಂದು ಬೇಡಿಕೊಂಡೆ. ಓದಿದವರನ್ನು ನೋಡಿದ್ದಾಯಿತು, ಸಾಕು ಎಂದಳು ಮುದುಕಿ. ಅವಳೂ ಕರುಣೆಯ ಹೆಂಗಸೇನಲ್ಲ. ಮೊಮ್ಮಗಳಿಗೆ ಗಂಡು ನೋಡಿಟ್ಟಿದ್ದಾರೆ ಎಂದು ಗೇಟಿನ ಹತ್ತಿರ ನನಗೆ ಹೇಳಿಯೇ ಹೋದಳು. ಹುಡುಗಿ ಮೇಲೆ ಹೋಗಿ ಟ್ರಂಕು ತರಲೂ ಒಪ್ಪಲಿಲ್ಲ. ನಾನೇ ತಂದುಕೊಟ್ಟೆ.

"ಪರೀಕ್ಷೆಗೆ ಬರ್ತೀಯಾ?" ಎಂದೆ.

"ಎಲ್ಲಿ ಉಳ್ಕಳ್ಲಿ ಅಕ್ಕ?"

ಬರಲಿಲ್ಲ.

ಈಗ ಆ ಕೋಣೆಗೆ ಟೈಲ್ಸ್ ಹಾಕಿಸಿದ್ದಾರೆ. ಬಾಗಿಲಿಗೆ 'ವಿಶ್ರಾಂತಿ ಕೊಠಡಿ' ಎಂದು ಬೋರ್ಡು. ಹೊರಗಿನಿಂದ ಯಾರು ಬಂದರೂ ಮೇಡಂ ಮೊದಲು ಅದನ್ನೇ ತೋರಿಸಿ, ಹಟ್ಟಿಯ ಮಕ್ಕಳಿಗಾಗಿ ಮಾಡಿದ್ದು ಎನ್ನುತ್ತಾರೆ. ಅವಳು ಹೋದ ಮೇಲೆ ಹಟ್ಟಿಗಳಿಂದ ಯಾರೂ ಬಂದಿಲ್ಲ. ನಾನು ದಿನಾ ಗುಡಿಸುತ್ತೇನೆ, ಕಸವೇ ಬೀಳುವುದಿಲ್ಲ.

ಕಿಟಕಿ ಪಕ್ಕದ ಮಂಚ ಹುಡುಗಿ ಹೋದ ವಾರವೇ ಆ ಬಳೆಯ ತಾಯಿಯ ಮಗಳಿಗೆ ಸಿಕ್ಕಿತು. ತಿಂಗಳ ಎಲ್ಲ ದಿನವೂ ಅವಳು ಅಲ್ಲೇ ಮಲಗುತ್ತಾಳೆ, ನಾನು ಕೇಳುವುದಿಲ್ಲ. ತಾಯಿ ಬಂದಾಗಲೆಲ್ಲ ಹಿಂದಿನ ಕೋಣೆಯ ಟೈಲ್ಸ್ ನೋಡಿ, ಸಂತೋಷಪಟ್ಟು, ಮಗಳ ತಲೆ ಸವರಿ ಹೋಗುತ್ತಾರೆ.