ಬಾಗಿಲ ಹೊರಗಿನ ದನಿ

ಸ್ಫಾಕ್ಸ್ ಪಟ್ಟಣದ ನಮ್ಮ ಓಣಿಯಲ್ಲಿ ದಲಿಂದಾಳನ್ನು ಎಲ್ಲರೂ ಗುಂಡಿ ಟೀಚರ್ ಎನ್ನುತ್ತಿದ್ದರು. ಆಟಿಸಂ ಇರುವ ಮಕ್ಕಳಿಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದು, ಚಮಚ ಹಿಡಿಯುವುದು, ಹಲ್ಲುಜ್ಜುವುದು, ಹೀಗೆ ಉಳಿದವರಿಗೆ ತಾನಾಗಿ ಬಂದಂತೆ ಕಾಣುವ ಕೆಲಸಗಳನ್ನು ಕಲಿಸುವುದು ಅವಳ ವೃತ್ತಿ. ಆಕ್ಯುಪೇಶನಲ್ ಥೆರಪಿ ಎಂಬ ಹೆಸರು ಅವಳ ಅತ್ತೆಯ ನಾಲಿಗೆಗೆ ಕೊನೆಗೂ ಹೊರಳಲಿಲ್ಲ. "ಅಷ್ಟೆಲ್ಲ ಓದಿ ಹಲ್ಲುಜ್ಜೋದು ಹೇಳ್ಕೊಡ್ತಾಳೆ ನನ್ನ ಸೊಸೆ," ಎಂದು ನೆರೆಯವರ ಮುಂದೆ ನಗುತ್ತಿದ್ದಳು. ದಲಿಂದಾಳೂ ನಗುತ್ತಿದ್ದಳು.

ಸ್ಕಂದರ್ ಅವಳ ಪಾಲಿಗೆ ಬಂದಾಗ ಅವನಿಗೆ ಮೀಸೆ ಚಿಗುರುತ್ತಿತ್ತು. ಮಾತಿಲ್ಲದ ಹುಡುಗ. ಚಿಕ್ಕಂದಿನಿಂದ ತಾಯಿ ಮುಫೀದಾ ಅವನನ್ನು ಹೆಂಗಸರ ಹಮ್ಮಾಮಿಗೆ, ಅಂದರೆ ಊರಿನ ಸ್ನಾನಗೃಹಕ್ಕೆ, ಕರೆದೊಯ್ದು ಮೀಯಿಸಿ ತರುತ್ತಿದ್ದಳು. ಒಂದು ದಿನ ಹಮ್ಮಾಮಿನ ಯಜಮಾನಿ ಅವನ ಎತ್ತರ ನೋಡಿ ಬಾಗಿಲಲ್ಲೇ ತಡೆದಳು.

"ಮುಂದಿನ ಸಲ ಇವನ ಅಪ್ಪನ್ನೂ ಕರ್ಕೊಂಡು ಬಾರಮ್ಮ."

ಅಪ್ಪ ತೀರಿಹೋಗಿದ್ದ. ಅಂದಿನಿಂದ ಮನೆಯಲ್ಲೇ ಸ್ನಾನ, ತಾಯಿಯ ಕೈಯಿಂದಲೇ. ತನಗಿಂತ ಎತ್ತರದ ಮಗನ ಮೈ ತೊಳೆಯುವಾಗ ಮುಫೀದಾ ಗೋಡೆ ನೋಡುತ್ತಿದ್ದಳು. "ಇದೊಂದನ್ನ ಅವನೇ ಮಾಡ್ಕೊಳ್ಳೋ ಹಾಗೆ ಮಾಡು ದಲಿಂದಾ. ನಾನು ಸತ್ತ ಮೇಲೆ ಅವನನ್ನ ಯಾರು ಮುಟ್ತಾರೆ?" ಎಂದಳು.

ಬೆಳೆದ ಹುಡುಗನ ಸ್ನಾನದ ಕೋಣೆಗೆ ಪರಹೆಂಗಸು ಹೋಗುವಂತಿರಲಿಲ್ಲ. ದಲಿಂದಾ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂತು ದನಿಯಿಂದಲೇ ಕಲಿಸಿದಳು. "ಬಿಸ್ಮಿಲ್ಲಾ, ನೀರು ಬಿಡು. ಬಿಸ್ಮಿಲ್ಲಾ, ಕಾಸ್ಸಾ ಹಾಕ್ಕೋ." ಮೈ ಉಜ್ಜುವ ಆ ಒರಟು ಕೈಗವಸನ್ನು ತೊಡುವುದಕ್ಕೇ ಒಂದು ಚಳಿಗಾಲ ಹಿಡಿಯಿತು. ಕೊನೆಗೊಂದು ದಿನ ಅವನು ಹೊರಗಿನ ಅವಳ ದನಿ ಕೇಳುತ್ತ ತಾನೇ ಮಿಂದು, ಬಟ್ಟೆ ತೊಟ್ಟು ಹೊರಬಂದ.

"ನಿನ್ನ ಮಾತು ಕೇಳೋ ಗಂಡಸು ಅಂದ್ರೆ ಇವನೊಬ್ಬನೇ," ಎಂದಳು ಮುಫೀದಾ. "ನಿನ್ನ ಗಂಡ ಕೇಳ್ತಾನಾ?"

"ಅವನಿಗೆ ಕಿವಿ ಇರೋದು ಫುಟ್‌ಬಾಲಿಗೆ ಮಾತ್ರ."

ದಲಿಂದಾಳ ಗಂಟಲಲ್ಲಿ ಗಡ್ಡೆ ಇದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ವೈದ್ಯರು ಹೇಳಿದ ಮೇಲೆ ಅವಳಿಗೆ ತನ್ನ ತಪ್ಪು ತಿಳಿಯಿತು. ಒಂದು ದಿನ ಕೆಮ್ಮು ಒತ್ತರಿಸಿ ಬಂದು ಅವಳು ಒಂದು ಬಿಸ್ಮಿಲ್ಲಾ ಹೇಳದೆ ಬಿಟ್ಟಿದ್ದಳು. ಒಳಗೆ ಸ್ಕಂದರ್ ಸೋಪು ಹಿಡಿದು ನಿಂತೇ ಇದ್ದ. ಮುಫೀದಾ ಅದೇ ಮಾತು ಹೇಳಿ ನೋಡಿದಳು, ಅವನು ಕದಲಲಿಲ್ಲ. ಬ್ರೆಡ್ಡು ಮುರಿಯುವಾಗ, ಬೀಗ ತೆಗೆಯುವಾಗ ಊರೆಲ್ಲ ದೇವರ ಹೆಸರೆತ್ತಿ ಅನ್ನುವ ಮಾತದು. ಅನ್ನುತ್ತಿದ್ದೇನೆ ಎಂಬ ಎಚ್ಚರವೇ ದಲಿಂದಾಳಿಗೆ ಇರಲಿಲ್ಲ. ಅವನಿಗೋ ಅವಳ ದನಿಯ ಆ ಮಾತು, ನೀರು ಸೋಪುಗಳ ಹಾಗೆ, ಸ್ನಾನದ್ದೇ ಒಂದು ಭಾಗವಾಗಿಬಿಟ್ಟಿತ್ತು.

ಶಸ್ತ್ರಚಿಕಿತ್ಸೆಗೆ ಹೆಚ್ಚು ಸಮಯವಿರಲಿಲ್ಲ. ತನ್ನ ದನಿಯಿಲ್ಲದೆಯೂ ಅವನು ಮೀಯಲೆಂದು ಅವಳು ದನಿ ತಗ್ಗಿಸುತ್ತ ಬಂದಳು. ಪಿಸುಮಾತಿಗೆ ಇಳಿದಾಗ ಅವನು ಬಾಗಿಲಿಗೆ ಕಿವಿ ಹಚ್ಚಿದ. ಗೋಡೆಗೆ ಸ್ನಾನದ ಒಂದೊಂದು ಹಂತದ ಚಿತ್ರಗಳನ್ನು ಅಂಟಿಸಿದಳು. ಅವನು ಒಂದೊಂದನ್ನೂ ಹರಿಯದಂತೆ ಬಿಡಿಸಿ ಜೋಡಿಸಿಟ್ಟ. ಮುಫೀದಾ ಫೋನಿನಲ್ಲಿ ಅವಳ ದನಿ ಹಿಡಿದಿಟ್ಟು ಕೇಳಿಸಿದಳು. ಅವನು ಒದ್ದೆ ಮೈಯಲ್ಲೇ ಹೊರಬಂದು, ಸ್ಟೂಲು ಖಾಲಿಯಿದ್ದದ್ದು ಕಂಡು, ಮನೆಯ ಎಲ್ಲ ಕೋಣೆಗಳಲ್ಲೂ ಹುಡುಕಿದ. ಆಮೇಲೆ ಆ ಫೋನನ್ನು ಮುಫೀದಾ ಸ್ನಾನದ ಕೋಣೆಯ ಹತ್ತಿರ ತರಲಿಲ್ಲ.

ಬೇಸಗೆಗೆ ಮುಂಚೆ ದಲಿಂದಾ ತೀರಿಕೊಂಡಳು. ಅದಕ್ಕೂ ಮೊದಲು, ಆಸ್ಪತ್ರೆಯಿಂದ ಬಂದ ಮೇಲೆ, ಒಮ್ಮೆ ಮಾತ್ರ ಕುತ್ತಿಗೆಗೆ ಶಾಲು ಸುತ್ತಿಕೊಂಡು ಆ ಮನೆಗೆ ಹೋಗಿದ್ದಳು. ಸ್ಕಂದರ್ ಅವಳನ್ನು ಕಂಡವನೇ ಟವೆಲ್ ಎತ್ತಿಕೊಂಡು ಒಳಗೆ ನಡೆದ. ಅವಳು ಸ್ಟೂಲಿನ ಮೇಲೆ ಕೂತು ಬೆರಳಗಂಟಿನಿಂದ ಬಾಗಿಲು ತಟ್ಟಿದಳು. ಮತ್ತೆ ತಟ್ಟಿದಳು. ಒಳಗೆ ನಲ್ಲಿ ತಿರುಗಿದ ಸದ್ದಿಲ್ಲ. ಅವಳ ತುಟಿಗಳು ಆ ಮಾತನ್ನು ಆಡುತ್ತಲೇ ಇದ್ದವು.

ಮುಫೀದಾ ಬಹಳ ಹೊತ್ತು ಕಾದಳು. ಆಮೇಲೆ ಅಂಗಿಯ ತೋಳುಗಳನ್ನು ಮೇಲಕ್ಕೆ ಮಡಚಿದಳು.

"ನೀ ಕೂತಿರು, ಏಳ್ಬೇಡ. ಚಹಾ ಒಲೆ ಮೇಲಿದೆ," ಎಂದು ಹೇಳಿ ಮಗನಿದ್ದ ಸ್ನಾನದ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು.