ಅಡುಗೆಮನೆಯ ಎಕೋ

ಆ ಕ್ಯಾಸೆಟ್ ಕಂಪನಿಯ ಕಥೆಯನ್ನು ನಮ್ಮ ಕಡೆ ಎಲ್ಲರೂ ಒಂದೇ ರೀತಿ ಹೇಳುತ್ತಾರೆ. ಚಿಕ್ಕೋಡಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಒಬ್ಬ ಮನುಷ್ಯ ಇದ್ದನಂತೆ. ಅಂಗಡಿಗಳ ತುಂಬ ಮರಾಠಿ ಕ್ಯಾಸೆಟ್ಟುಗಳೇ ಇದ್ದ ಕಾಲದಲ್ಲಿ, ಮದುವೆಮನೆಯ ಸೋಬಾನ ಪದಗಳನ್ನು ಕನ್ನಡದಲ್ಲಿ ರೆಕಾರ್ಡ್ ಮಾಡಿಸಿ ಊರೂರಿಗೆ ಮುಟ್ಟಿಸಿದನಂತೆ. ಸ್ಟುಡಿಯೋ ಇಲ್ಲ, ದೊಡ್ಡ ಯಂತ್ರವಿಲ್ಲ, ಆದರೂ ಬೆಂಗಳೂರಿನವರಿಗೂ ಬಾರದ ಒಂದು ಎಕೋ ಹುಟ್ಟಿಸಿದನಂತೆ. ದೂರದ ಗುಡಿಯೊಳಗಿಂದ ಯಾರೋ ಕರೆದಂತೆ ಕೇಳುವ ಎಕೋ. ಆಮೇಲೆ ಮೊಬೈಲ್ ಬಂತು, ಕಂಪನಿ ಮುಳುಗಿತು. ಹೇಳುವವರು ಇಲ್ಲಿಗೆ ಬಂದಾಗ ತಪ್ಪದೆ ಒಮ್ಮೆ ಉಸ್ಸೆನ್ನುತ್ತಾರೆ.

ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಎಲ್ಲರೂ ತಲೆ ಅಲ್ಲಾಡಿಸುವ ಮಾತು ಕಂಡರೆ ಅದನ್ನೇ ಮೊದಲು ಹಿಡಿದು ಅಲ್ಲಾಡಿಸುವುದು ನನಗೆ ಕಲಿಸಿದ ಪಾಠ. ಈ ಕಥೆಯಲ್ಲಿ ಬಹಳಷ್ಟು ನಿಜವಿದೆ, ಅದನ್ನು ಮೊದಲೇ ಒಪ್ಪುತ್ತೇನೆ. ಮಾಲಕರು ಕಷ್ಟಪಟ್ಟದ್ದು ನಿಜ. ಕೊಲ್ಲಾಪುರದಿಂದ ಖಾಲಿ ಕ್ಯಾಸೆಟ್ ತಂದು, ತಮ್ಮ ಮನೆಯಲ್ಲೇ ಕಾಪಿ ತೆಗೆದು, ಬಸ್ ಕಂಡಕ್ಟರುಗಳ ಕೈಕಾಲು ಹಿಡಿದು ಡಬ್ಬಿಗಳನ್ನು ರಾಯಬಾಗ, ಹಾರೂಗೇರಿ, ಅಥಣಿ, ಕಾಗವಾಡಕ್ಕೆ ಕಳಿಸಿದ್ದು ನಿಜ. ಸುಳ್ಳು ಇರುವುದು ಆ ಎಕೋದಲ್ಲಿ.

ಅಂಕಲಿಯ ನಮ್ಮ ಓಣಿಯಲ್ಲಿ ಯಾರದೇ ಮದುವೆ ಇರಲಿ, ಅರಿಷಿಣದ ದಿನ ಬೆಳಿಗ್ಗೆ ಮೈಕಿನಲ್ಲಿ ಮೊದಲು ಕೇಳುತ್ತಿದ್ದದ್ದು ಅದೇ ಕ್ಯಾಸೆಟ್. ಅವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿ, "ನಿಮ್ಮ ದೊಡ್ಡವ್ವ ಹಾಡಾಕತ್ತಾಳ ಕೇಳ" ಎನ್ನುತ್ತಿದ್ದಳು. ದೊಡ್ಡವ್ವ ಅಂದರೆ ಅವ್ವನ ಅಕ್ಕ. ನಿಪ್ಪಾಣಿಗೆ ಕೊಟ್ಟವಳು, ಬೀಡಿ ಕಟ್ಟುವವಳು. ನಾನು ಈ ಸುದ್ದಿಯನ್ನು ಶಾಲೆಯಲ್ಲಿ ಸಾರಿಬಿಟ್ಟೆ. ಮರುದಿನ ಗೆಳತಿಯೊಬ್ಬಳು ತಮ್ಮ ಮನೆಯ ಕ್ಯಾಸೆಟ್ ಡಬ್ಬಿಯನ್ನೇ ತಂದು ನನ್ನ ಮುಖದ ಮುಂದೆ ಹಿಡಿದಳು. ಅದರ ಮೇಲೆ ಜರಿಯಂಚಿನ ಪಟಗಾ ಸುತ್ತಿಕೊಂಡ ಗಂಡಸೊಬ್ಬನ ಫೋಟೋ. ಕೆಳಗೆ ಅವನ ಹೆಸರು, ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ 'ಮತ್ತು ಸಂಗಡಿಗರು'.

"ನಿಮ್ಮ ದೊಡ್ಡವ್ವಗ ಮೀಸಿ ಭಾಳ ಚಲೋ ಅದಾವ ಬಿಡಲೇ" ಎಂದಳು.

ಇಡೀ ತರಗತಿ ನಕ್ಕಿತು. ಸೋಬಾನ ಪದವೆಂದರೆ ಹೆಣ್ಣುಮಕ್ಕಳು ಮದುಮಗಳಿಗೆ ಅರಿಷಿಣ ಹಚ್ಚುತ್ತ ಹಾಡುವುದು. ಅದರ ಡಬ್ಬಿಯ ಮೇಲೆ ಮೀಸೆ ಏಕೆ ಎಂದು ತಿರುಗಿ ಕೇಳಬಹುದಿತ್ತು. ಆ ಪ್ರಶ್ನೆ ನನಗೆ ಹೊಳೆಯಲಿಲ್ಲ. ಊರಿನಲ್ಲಿ ದೊಡ್ಡವರಿಗೂ ಹೊಳೆಯಲಿಲ್ಲ ಎಂಬುದೇ ನನಗೆ ಇವತ್ತಿಗೂ ಹೊಟ್ಟೆಯುರಿಯುವ ಮಾತು.

ಹೋದ ರಾಜ್ಯೋತ್ಸವಕ್ಕೆ ಅಥಣಿಯಲ್ಲಿ ಒಂದು ಕಾರ್ಯಕ್ರಮ. ಮಕ್ಕಳ ಭಾಷಣಕ್ಕೆ ತೀರ್ಪು ಕೊಡಲು ನನ್ನನ್ನು ಕರೆದಿದ್ದರು. ಅದೇ ವೇದಿಕೆಯಲ್ಲಿ ಕ್ಯಾಸೆಟ್ ಮಾಲಕರಿಗೆ ಸನ್ಮಾನ. ಗಡಿಯಲ್ಲಿ ಕನ್ನಡದ ದನಿ ಉಳಿಸಿದವರು ಎಂದು ನಿರೂಪಕರು ಹೊಗಳಿದರು. ಶಾಲು ಹೊದ್ದ ಮಾಲಕರು ಮೈಕಿನ ಮುಂದೆ ನಿಂತು, "ಆ ಎಕೋ ಹೆಂಗ ತಂದ್ರಿ ಅಂತ ಮಂದಿ ಇವತ್ತಿಗೂ ಕೇಳ್ತಾರ್ರಿ. ಅದೊಂದ ಕೇಳಬ್ಯಾಡ್ರಿ. ಅದು ಕಂಪನಿ ಗುಟ್ಟ" ಎಂದರು. ಚಪ್ಪಾಳೆ. ನಾನೂ ತಟ್ಟಿದೆ.

ಆ ವಾರವೇ ನಿಪ್ಪಾಣಿಗೆ ಹೋಗಿ ದೊಡ್ಡವ್ವನ ಮುಂದೆ ಕೂತೆ. ಅವಳ ಮಡಿಲಲ್ಲಿ ಮೊರ, ಮೊರದಲ್ಲಿ ತಂಬಾಕು, ಬೆರಳಿಗೆ ದಾರ. ಮಾಲಕರು ಆಡಿದ ಗುಟ್ಟಿನ ಮಾತು ಹೇಳಿದೆ. ಅವಳು ಎಲೆ ಸುತ್ತುವುದನ್ನು ನಿಲ್ಲಿಸಲೂ ಇಲ್ಲ.

"ಗುಟ್ಟ? ಅವರ ಅಡಿಗಿಮನ್ಯಾಗ ಕೂತ ಹಾಡೀನಿ. ಅದ್ರಾಗ ಗುಟ್ಟ ಏನ ಬಂತ?"

"ಅಡಿಗಿಮನ್ಯಾಗ ಯಾಕ ದೊಡ್ಡವ್ವ?"

"ಮತ್ತ ಎಲ್ಲಿ ಕೂಡ್ಲಿ? ಇದ್ದದ್ದ ಒಂದ ಮೈಕ, ಅದು ಪಡಸಾಲ್ಯಾಗ. ಪೇಟಿ ಮಾಸ್ತರು, ತಬಲಾದಂವ, ತಾಳದವರು, ಎಲ್ಲಾ ಗಂಡಸರು ಅದರ ಸುತ್ತ. ಅವರ ನಡಕ ಹೆಣ್ಣಮಕ್ಕಳು ಮಣಕಾಲಿಗೆ ಮಣಕಾಲ ಹಚ್ಚಿ ಕೂಡಾಕ ಬರ್ತೈತೇನ? ನಮ್ಮನ್ನ ಹೊಸ್ತಲದ ಆಚಿ ಕೂಡಿಸಿ ಪಡದೆ ಎಳದ್ರು. 'ಜೋರ ಹಾಡ ಅಕ್ಕಾ, ಮೈಕ ದೂರ ಐತಿ' ಅಂದ್ರು ಮಾಲಕರು. ಹಾಡಿದೆ."

ನಮ್ಮ ಭಜನಾ ಮೇಳಗಳ ರಿವಾಜೇ ಅದು. ಹಾರ್ಮೋನಿಯಂ, ನಮ್ಮ ಮಾತಿನಲ್ಲಿ ಪೇಟಿ, ಯಾರ ಮುಂದಿದೆಯೋ ಅವರ ಹೆಸರಿನಲ್ಲಿ ಮೇಳ. ಅವರು ಮೊದಲ ಸಾಲು ಎತ್ತಿಕೊಟ್ಟರೆ ಆಯಿತು, ಉಳಿದದ್ದನ್ನು ಯಾರು ಹಾಡಿದರೂ ಸಂಗಡಿಗರು. ಆ ರಿವಾಜು ಹೆಂಗಸರ ಹಾಡಿಗೂ ಅಂಟಿಕೊಂಡಿತು. ಆ ಕ್ಯಾಸೆಟ್ಟಿನಲ್ಲಿ ಪೇಟಿ ಮಾಸ್ತರರು, ಡಬ್ಬಿಯ ಮೇಲಿನ ಪಟಗಾದವರು, ಹಾಡಿರುವುದು ಪ್ರತಿ ಪದದ ಮೊದಲ ಸಾಲು ಮಾತ್ರ. ಉಳಿದದ್ದೆಲ್ಲ ದೊಡ್ಡವ್ವ. ಕಲ್ಲಿನ ಗೋಡೆ, ಹಿತ್ತಾಳೆಯ ಕೊಡ, ಸಾಲಾಗಿ ಜೋಡಿಸಿದ ಹಂಡೆಗಳು. ಅವಕ್ಕೆಲ್ಲ ತಾಗಿ, ಪರದೆ ದಾಟಿ ಮೈಕಿಗೆ ಬಂದ ಅವಳ ದನಿಗೆ ಜನ ಎಕೋ ಎಂದು ಹೆಸರಿಟ್ಟರು. ಆಮೇಲೆ ಅದರ ಶಾಲು ಮಾಲಕರ ಹೆಗಲಿಗೆ ಹೋಯಿತು.

ಸಾಕ್ಷಿ ಎಲ್ಲಿ ಎಂದು ಕೇಳುವವರಿದ್ದಾರೆ. ಕೇಳಲೇಬೇಕು. ಕ್ಯಾಸೆಟ್ಟಿನ ಕೊನೆಯ ಪದದ ನಡುವೆ ಢಣ್ಣೆಂದು ಒಂದು ಸದ್ದಿದೆ. ಯೂಟ್ಯೂಬಿನಲ್ಲಿ ಆ ಹಾಡಿನ ಕೆಳಗೆ, 'ಆ ಝಾಂಜಿನ ಹೊಡೆತಕ್ಕೆ ಮೈ ಜುಮ್ಮೆನ್ನುತ್ತದೆ' ಎಂಬ ಧಾಟಿಯಲ್ಲಿ ಬರೆದವರಿದ್ದಾರೆ. ಝಾಂಜ್ ಅಂದರೆ ದೊಡ್ಡ ತಾಳ. ದೊಡ್ಡವ್ವನಿಗೆ ಕೇಳಿಸಿದೆ. ಬೀಡಿ ಕೈಯಿಂದ ಜಾರುವಷ್ಟು ನಕ್ಕಳು.

"ಝಾಂಜ ಎಲ್ಲೀದ ಲೇ, ಅದು ಪರಾತ. ಹಿಟ್ಟ ನಾದೂ ಪರಾತ ಬಿದ್ದಿತ್ತ. ಪುನಾ ಹಾಡಿಸ್ತಾರ ಅಂತ ತಿಳಕೊಂಡ್ವಿ. ಕರೆಂಟ್ ಹೋಗೂ ಟೈಮ್ ಆಗಿತ್ತ, ಜಾವೂ ದ್ಯಾ, ಹೋಗ್ಲಿ ಬಿಡ್ರಿ ಅಂದ್ರು."

ಆವತ್ತು ಊರಿಗೆ ಬಂದವಳು ನಮ್ಮ ಮನೆಯ ಹಳೆಯ ಕ್ಯಾಸೆಟ್ಟಿನಿಂದ ಆ ಪದವನ್ನು ಫೋನಿಗೆ ಇಳಿಸಿಕೊಂಡೆ. ದೊಡ್ಡವ್ವನ ಒಂದು ಫೋಟೋ ಹಚ್ಚಿ, 'ಹಾಡಿದವರು' ಎಂದು ಅವಳ ಹೆಸರು ಬರೆದು ಯೂಟ್ಯೂಬಿಗೆ ಹಾಕಿದೆ. ಲಿಂಕ್ ಕಳಿಸಿದಾಗ ಅವಳು, "ಹೆಸರ ಹಾಕಿದ್ರ ಬೀಡಿ ತಾವ ಸುತ್ಕೋತಾವೇನ?" ಎಂದು ಜೋಕ್ ಮಾಡಿದಳು. ಆದರೆ ಆ ಮಧ್ಯಾಹ್ನ ಫೋನು ಹಿಡಿದು ಓಣಿಯ ಪ್ರತಿ ಮನೆಗೂ ಹೋಗಿದ್ದಳೆಂದು ಅವಳ ಮಗಳು ಹೇಳಿದಳು. ಮರಾಠಿ ಮಾತ್ರ ಗೊತ್ತಿದ್ದ ಪಕ್ಕದ ಮನೆಯ ಮುದುಕಿಗೆ ಒಂದೊಂದು ಸಾಲನ್ನೂ ನಿಲ್ಲಿಸಿ ಅರ್ಥ ಹೇಳಿದ್ದಳಂತೆ.

ಮುಂದಿನ ವಾರ ವಿಡಿಯೋ ಹೋಯಿತು. ಹಕ್ಕುದಾರರ ದೂರಿನ ಮೇಲೆ ತೆಗೆಯಲಾಗಿದೆ ಎಂಬ ಸೂಚನೆ ಮಾತ್ರ ಉಳಿಯಿತು. ಮಾಲಕರ ಮಗ ಕಂಪನಿಯ ಹಳೆಯ ಹಾಡುಗಳನ್ನೆಲ್ಲ ತನ್ನ ಚಾನೆಲ್ಲಿಗೆ ಏರಿಸಿದ್ದಾನೆ, ಅದೇ ಪಟಗಾದ ಫೋಟೋ, ಅದೇ ಸಂಗಡಿಗರು. ದೂರು ಅವನದೇ. ಮುಳುಗಿತು ಎಂದು ಊರೆಲ್ಲ ಮರುಗುವ ಕಂಪನಿ ದೂರು ಕೊಡುವಷ್ಟು ಗಟ್ಟಿಯಾಗಿಯೇ ಇದೆ.

ದೊಡ್ಡವ್ವ ಫೋನ್ ಮಾಡಿದಳು. ನಗುವಿರಲಿಲ್ಲ.

"ಬಾಜೂ ಮನಿಯಾಕಿ ಕೇಳ್ತಾಳ, ಕಾಯ್ ಝಾಲಂ, ಏನಾತು ಅಂತ. ಏನ ಹೇಳ್ಲಿ? ನಾ ಹಾಡಿದ ಪದಾ ನಾನ ಕದ್ದಂಗ ಆತೇನ ಯವ್ವಾ?"

ಇದನ್ನೆಲ್ಲ ಬರೆಯುತ್ತೇನೆ, ನಿನ್ನ ಹೆಸರು ದಪ್ಪ ಅಕ್ಷರದಲ್ಲಿ ಹಾಕುತ್ತೇನೆ ಎಂದೆ. ಅವಳು ಒಪ್ಪಲಿಲ್ಲ. "ನೀ ನನ್ನ ತಂಗಿ ಮಗಳು, ನೀ ಹಾಕಿದ್ರ ಮಂದಿ ನಂಬೂದಿಲ್ಲ. ಮದಲ ಅವರ ಬಾಯಿಂದ ಬರ್ಲಿ" ಎಂದಳು. ಇಲ್ಲಿ ಹೆಸರಿಲ್ಲದಿರುವುದು ಅದಕ್ಕೆ. ಅವಳ ಹೆಸರಿಲ್ಲದ ಮೇಲೆ ಬೇರೆ ಯಾರ ಹೆಸರಿಗೂ ಇಲ್ಲಿ ಜಾಗವಿಲ್ಲ.

ಚಿಕ್ಕೋಡಿಗೆ ಹೋದೆ. ಕ್ಯಾಸೆಟ್ ಅಂಗಡಿಯಲ್ಲಿ ಈಗ ಮೊಬೈಲ್ ಕವರು, ಚಾರ್ಜರು ತೂಗುತ್ತಿವೆ. ಅಥಣಿಯ ಸನ್ಮಾನದ ಫೋಟೋ ಗಾಜು ಹಾಕಿಸಿಕೊಂಡು ಹಣದ ಗಲ್ಲೆಯ ಮೇಲೆ ಕೂತಿದೆ. ಮಾಲಕರು ಗುರುತು ಹಿಡಿದರು.

"ಬಾ ತಂಗಿ. ಅಥಣ್ಯಾಗ ಜಡ್ಜ್ ಆಗಿದ್ದಿ ಅಲ್ಲ? ಚಾ ತಗೋ."

ಚಹಾ ಬಿಟ್ಟು ವಿಷಯಕ್ಕೆ ಬಂದೆ. ಮಗ ಫೋನಿನಿಂದ ತಲೆ ಎತ್ತದೆ, "ಮಾಸ್ಟರ್ ಟೇಪ್ ನಮ್ದ ಐತ್ರಿ ಅಕ್ಕಾರ. ಯಾರ ಹಾಕಿದ್ರೂ ದೂರ ಕೊಡ್ತೀನಿ" ಎಂದ.

"ಟೇಪ್ ನಿಮ್ದ. ದನಿ ಯಾರದ?"

ಮಾಲಕರು ಮಗನಿಗೆ ಸುಮ್ಮನಿರಲು ಸನ್ನೆ ಮಾಡಿದರು. "ನೋಡ ತಂಗಿ, ಸಿಟ್ಟಾಗಬ್ಯಾಡ. ಹೆಸರು ಫೋಟೋ ಬ್ಯಾಡ ಅಂದಾವ ನಿಮ್ಮ ದೊಡ್ಡಪ್ಪ. ಮನಿ ಹೆಣ್ಣಮಗಳ ಫೋಟೋ ಪಾನ್ ಅಂಗಡ್ಯಾಗ ತೂಗಿ ಬಿಡ್ತೀರೇನ ಅಂತ ನನ್ನ ಕೂಡ ಜಗಳಾ ತಗದಿದ್ದ. ನಾ ಅವನ ಮಾತ ನಡಿಸೀನಿ. ತಪ್ಪೇನ?"

ಇದು ಒಳ್ಳೆಯ ವಾದ. ಎದುರಿನವರ ಒಳ್ಳೆಯ ವಾದವನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು ಎಂದು ನನಗೆ ಕಲಿಸಿದ್ದಾರೆ. ದೊಡ್ಡಪ್ಪ ಹಾಗೆ ಅಂದಿರಬಹುದು, ಅಂಥ ಮನುಷ್ಯನೇ ಅವನು. ಒಪ್ಪಿದೆ. ಆಮೇಲೆ ಕೇಳಿದೆ.

"ದೊಡ್ಡಪ್ಪ ಹೋಗಿ ಎಷ್ಟೋ ವರ್ಷ ಆತ್ರಿ ಕಾಕಾರ. ಹೆಸರು ಮುಚ್ಚಾಕ ಅವರ ಮಾತ ಹಿಡದ್ರಿ. ಎಕೋ ನಂದು ಅಂತ ಶಾಲ ಹೊದಕೊಳ್ರಿ ಅಂತನೂ ಅವರ ಹೇಳಿದ್ರೇನ್ರಿ?"

"ಈಗ ಹೆಸರ ಬದಲಿ ಮಾಡಿದ್ರ ಮಾಸ್ತರ ಮನಿಯವರು ಏನಂತಾರ? ಮಂದಿಗೆ ಗೊತ್ತಿರೂದು ಆ ಮುಖ. ಹಳೇದ ಕೆದಕಿ ಯಾರಿಗೆ ಏನ ಸಿಗತೈತಿ?"

ಯಾರಿಗೆ ಏನು ಸಿಗುತ್ತದೆ ಎಂಬ ಪ್ರಶ್ನೆ ಶಾಲು ಸಿಕ್ಕವರ ಬಾಯಲ್ಲೇ ಯಾಕೆ ಬರುತ್ತದೆ? ವಾದ ಬಿಟ್ಟೆ. ಫೋನು ತೆಗೆದು ಕೊನೆಯ ಪದ ಹಚ್ಚಿ ಗಲ್ಲೆಯ ಮೇಲೆ ಇಟ್ಟೆ.

ಮಾಸ್ತರರ ಸಾಲು ಮುಗಿಯಿತು. ದೂರದಿಂದ ದೊಡ್ಡವ್ವ ಎತ್ತಿಕೊಂಡಳು. ಚಾರ್ಜರ್ ಕೇಳಲು ಬಂದವರೂ ನಿಂತರು. ಮಾಲಕರು ಕಣ್ಣು ಮುಚ್ಚಿ ಗಲ್ಲೆಯ ಮೇಲೆ ಬೆರಳಿನಿಂದ ತಾಳ ಹಾಕತೊಡಗಿದರು. ಅವರಿಗೆ ಆ ಹಾಡಿನ ಮೇಲೆ ಪ್ರೀತಿ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನಡುವೆ ಢಣ್ಣೆಂದಿತು. ಮಾಲಕರ ಮುಖ ಅರಳಿತು.

"ನಮ್ಮ ಮನಿಯಾಕಿ," ಎಂದರು ಕಣ್ಣು ತೆರೆಯದೆ. "ಪಡದೆ ಹಿಂದ ಕೂತಾಕಿ ಪರಾತ ಬೀಳಿಸಿದ್ಲು. ಆವತ್ತ ಏನ ಬೈದೀನಿ ಅಕಿಗೆ."

ಮಗ ಫೋನಿನಿಂದ ತಲೆ ಎತ್ತಿ ಅಪ್ಪನನ್ನು ನೋಡಿದ. ಕಂಪನಿಯ ಗುಟ್ಟು ಗಲ್ಲೆಯ ಮೇಲೆ ಬಿದ್ದಿತ್ತು.

ನಾನು ಹಾಡು ನಿಲ್ಲಿಸಿದೆ.

"ಪರಾತ ಯಾರ ಕೈಯಿಂದ ಬಿತ್ತು ಅಂತ ನಿಮಗ ಇನ್ನಾ ನೆನಪೈತಿ," ಎಂದೆ. "ಅಕಿ ಬಾಜೂಕ ಕೂತ ಹಾಡಾಕತ್ತಿದ್ದಾಕಿ ಹೆಸರ ಏನ್ರಿ, ಕಾಕಾರ?"